ಗೇಟಿನ ಪೆಟ್ಟಿಗೆಯ ತಂತಿ

ಟ್ಯಾಮರಿಂಡ್ ಲೇನ್, ಕಿಂಗ್‌ಸ್ಟನ್
೧೯೮೩ ಆಗಸ್ಟ್ ೪, ಗುರುವಾರ

ನನ್ನ ಗಂಡ ಲಸೆಲ್ಸ್‌ಗೆ, ಕ್ಲೋವರ್ ಬರೆಯುವುದು.

ಇದನ್ನು ತಂದವರನ್ನು ಮೊದಲು ನೆರಳಲ್ಲಿ ಕೂರಿಸಿ ಕುಡಿಯಲು ನೀರು ಕೊಡು. ಬೆಟ್ಟದ ಬಸ್ಸಿನಲ್ಲಿ ಕುಲುಕಿ ಕುಲುಕಿ ಮೈ ಹಣ್ಣಾಗಿರುತ್ತದೆ. ಆಮೇಲೆ ಹಿತ್ತಲಿಗೆ ಹೋಗಿ ಒಂದು ಸಲ ಒಬ್ಬನೇ ಓದಿಕೋ. ಗಟ್ಟಿಯಾಗಿ ಓದುವ ಪ್ರಸಂಗ ಆಮೇಲೆ ಬರುತ್ತದೆ.

‘ಪ್ರೀತಿಯ’ ಅಂತ ಶುರು ಮಾಡಲಿಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಮದುವೆಗೆ ಮುಂಚೆ ನೀನು ಮೋಂಟೆಗೊ ಬೇಯಲ್ಲಿ ಕುಣಿತಕ್ಕೆ ಸ್ಪೀಕರ್ ಸೆಟ್ ಕಟ್ಟಲು ಹೋಗಿದ್ದಾಗ ಆ ಪದವನ್ನು ಪುಟ ತುಂಬ ಬರೆದು ಕಳಿಸಿದ್ದೆ. ಅವತ್ತಿನದನ್ನೇ ಇವತ್ತಿಗೂ ಸೇರಿಸಿಕೋ. ಇವತ್ತು ನನ್ನ ಹತ್ತಿರ ಅಷ್ಟು ಸ್ಟಾಕ್ ಇಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಿನ್ನ ತಮ್ಮ ಸೀಬರ್ಟ್ ಇನ್ನೂ ಶವಾಗಾರದ ಐಸಿನ ಮೇಲೆಯೇ ಇದ್ದಾನೆ. ಭಾನುವಾರ ಅವನ ಒಂಬತ್ತನೇ ರಾತ್ರಿ, ಸೋಮವಾರ ಮಣ್ಣು. ನಿಮ್ಮಮ್ಮ ಅವನ ಕೋಣೆಯ ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿದ್ದಾರೆ. ಒಂಬತ್ತನೇ ರಾತ್ರಿ ಅವನ ಆತ್ಮ ಕೊನೇ ಸಲ ಮನೆಗೆ ಬಂದಾಗ ತನ್ನ ಕೋಣೆಯ ಗುರುತು ಸಿಗದೆ ಹೊರಟುಹೋಗಲಿ ಅಂತ ಮಂಚವನ್ನೂ ತಿರುಗಿಸಿ ಹಾಕಿದ್ದಾರೆ. ಆದರೆ ಅವನು ಬರಿಗೈಲಿ ಹೋಗುವುದು ಅವರಿಗೆ ಬೇಡ. “ನನ್ ಮಗ ಒಬ್ನೇ ಹೋಗಲ್ಲ. ಕೊಂದೋನ ಕತ್ತಿನ ಪಟ್ಟಿ ಹಿಡ್ಕೊಂಡೇ ಹೋಗ್ತಾನೆ” ಅಂತ ಬ್ಯಾಬ್ಸಿಯ ಅಂಗಳದಲ್ಲಿ ನಿಂತು ಕೂಗಿದರು. ನಮ್ಮ ಲೇನಿನಲ್ಲಿ ಬ್ಯಾಬ್ಸಿ ಹೇಳಿದ್ದೇ ಕಾನೂನು, ಬ್ಯಾಬ್ಸಿಯ ಬಂದೂಕೇ ಕೋರ್ಟು. ಆದರೆ ಚಡ್ಡಿ ಹಾಕಲು ಬಾರದ ಕಾಲದಲ್ಲಿ ಆ ಬ್ಯಾಬ್ಸಿಗೆ ಅನ್ನ ಹಾಕಿದವರು ನಿಮ್ಮಮ್ಮ. ಅವನು ಟೋಪಿ ತೆಗೆದು, “ಆಗ್ಲಿ ಮಿಸ್ ಐಸಿ. ನೀವು ತೋರ್ಸಿದೋನು, ನೀವು ಹೇಳಿದ ದಿನ” ಅಂದ.

ಅವರು ತೋರಿಸಿದ್ದು ಎವರಾಲ್ಡ್‌ನನ್ನು. ನಿನಗೆ ನೆನಪಿರಬೇಕು, ಚರ್ಚಿನ ಹಿಂದಿನ ಹಾಲಿನಲ್ಲಿ ನಾನು ನಡೆಸುವ ಸೌಂಡ್ ತರಗತಿಗೆ ಬರುತ್ತಿದ್ದವನು, ಹಿಂದೆ ಬಸ್ ಕಂಡಕ್ಟರ್ ಆಗಿದ್ದವನು. ಮೊದಲ ದಿನ ಕಾದ ಸಾಲ್ಡರಿಂಗ್ ಕಡ್ಡಿಯನ್ನು ತಪ್ಪು ತುದಿಯಲ್ಲಿ ಹಿಡಿದು ಎಲ್ಲರನ್ನೂ ನಗಿಸಿದ್ದ. ಶನಿವಾರ ಗೇಟಿನ ಬಳಿಯ ಸ್ಪೀಕರ್ ಪೆಟ್ಟಿಗೆಗೆ ತಂತಿ ಎಳೆದದ್ದು ಅವನು. ಆ ತಂತಿ ಕೆಟ್ಟಿತು, ಅದನ್ನು ಸರಿ ಮಾಡಲು ಹೋದ ಸೀಬರ್ಟ್ ಗುಂಡಿಗೆ ಸಿಕ್ಕ. ಇಷ್ಟೇ ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎದುರಾಳಿ ಕೊಮೆಟ್ ಸೆಟ್ಟಿನವರ ಹತ್ತಿರ ದುಡ್ಡು ತಿಂದು ಬೇಕಂತಲೇ ಕೆಡಿಸಿದ ಅಂದರು.

ಸೋಮವಾರ ಅವನನ್ನು ಹೆಂಡತಿಯ ಎದುರಿಗೇ ಕೂದಲು ಹಿಡಿದು ಎಳೆದೊಯ್ದರು. ಬಾಗಿಲಿಗೆ ಅಡ್ಡ ಬಂದ ಅವಳ ಹೊಟ್ಟೆಗೆ ಒದ್ದರು. ಈಗ ಬ್ಯಾಬ್ಸಿಯ ಹಿತ್ತಲಿನ ಕೋಳಿಗೂಡಿನಲ್ಲಿ ಕೂಡಿಹಾಕಿದ್ದಾರೆ. ಬಲಗೈಯನ್ನು ದಿಮ್ಮಿಯ ಮೇಲೆ ಇಡಿಸಿ ಸುತ್ತಿಗೆಯಲ್ಲಿ ಬೆರಳು ಜಜ್ಜಿದರು. ಮೊದಲ ಪೆಟ್ಟು ಹಾಕಿದ್ದು ಬ್ಯಾಬ್ಸಿಯ ಕಡೆಯವರಲ್ಲ. ನಿಮ್ಮಮ್ಮ. ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದು, ಬಟ್ಟೆ ಒಗೆಯುವವರ ಹಾಗೆ ಉಸಿರು ಬಿಡುತ್ತಾ ಹೊಡೆದರು. ನಾನು ಅಲ್ಲೇ ಇದ್ದೆ. ಹುಟ್ಟಿದಾಗಿನಿಂದ ಸದ್ದಿನಲ್ಲೇ ಬದುಕಿದವಳು ನಾನು. ಆ ಸದ್ದನ್ನು ಯಾವ ಗುಂಡಿ ತಿರುಗಿಸಿ ಕಡಿಮೆ ಮಾಡಲಿ?

ಎವರಾಲ್ಡ್ ನನ್ನ ಕಡೆ ನೋಡಿ ಒಂದೇ ಸಮನೆ ಕೂಗುತ್ತಿದ್ದ, “ಟೀಚರ್, ನೀವೇ ನೋಡಿದ್ರಲ್ಲ! ಇಡೀ ತಂತಿ ಮೇಲೆ ಕೈಯಾಡ್ಸಿ ನೋಡಿದ್ರಲ್ಲ! ಹೇಳಿ ಟೀಚರ್, ಹೇಳಿ!” ನಾನು ಹೇಳಿದೆ. ಆ ತಂತಿಯ ಜೋಡಣೆ ಇವನ ಕೈಯದಲ್ಲ ಮಿಸ್ ಐಸಿ ಅಂದೆ. ಅವರು ನನ್ನ ಕಪಾಳಕ್ಕೆ ಹೊಡೆದರು. “ಶಿಷ್ಯ ಅಂತ ಮಡಿಲಲ್ಲಿಟ್ಕೊಂಡು ಕಾಯ್ತೀಯೇನೇ? ಗಂಡನ್ನ ಬೀದಿಗೆ ದಬ್ಬಿದೋಳ ಮಾತು ನಂಗ್ ಬೇಡ. ಲಸೆಲ್ಸ್ ಹೇಳ್ಲಿ. ತಂತಿ ವಿಷಯ ಬಲ್ಲೋನು ಅವ್ನು. ಅವ್ನ ಬಾಯಿಂದ ಬಂದ್ರೆ ನಂಬ್ತೀನಿ” ಅಂದರು.

ನೋಡು, ಈ ಲೇನಿನಲ್ಲಿ ಇವತ್ತಿಗೂ ನಿನ್ನ ಮಾತಿಗೆ ಅಷ್ಟು ಬೆಲೆ ಇದೆ. ನೀನು ಹೆದರಿ ಬೆಟ್ಟ ಹತ್ತಿದ್ದೀಯ, ತಮ್ಮನನ್ನು ಕೊಂದವರು ಅಣ್ಣನನ್ನೂ ಹುಡುಕಬಹುದು ಅಂತ ನಿಮ್ಮಮ್ಮ ಎಲ್ಲರಿಗೂ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಪಾಪ ಅನ್ನುತ್ತಾರೆ ನೆರೆಯವರು.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಯಾಕೆ ಬರೆಯುತ್ತಾಳೆ ಅನ್ನಬೇಡ. ಇದು ನಿನ್ನೊಬ್ಬನಿಗೆ ಬರೆಯುತ್ತಿರುವುದಲ್ಲ.

ಅಂದು ನಮ್ಮ ಜೆರಿಕೊ ಸೆಟ್ಟಿಗೂ ಕೊಮೆಟ್‌ಗೂ ಪೈಪೋಟಿ, ಯಾರ ಸದ್ದಿಗೆ ಜನ ಹೆಚ್ಚು ಕುಣಿಯುತ್ತಾರೆ ಅಂತ. ಕೊಮೆಟ್‌ನವರು ಸೀಬರ್ಟ್‌ನನ್ನು ಮುಗಿಸುತ್ತೇವೆ ಅಂತ ಹೇಳಿಕಳಿಸಿದ್ದರಿಂದ ಅವನು ರೆಕಾರ್ಡ್ ಹಾಕುವ ಜಾಗದ ಸುತ್ತ ಕಬ್ಬಿಣದ ಜಾಲರಿ ಕಟ್ಟಿಸಿದ್ದ. ಎರಡೂ ಬದಿಗೆ ಬ್ಯಾಬ್ಸಿಯ ಕಡೆಯವರು. ಆ ಜಾಲರಿಯೊಳಗೆ ಕೂತಿರುವ ತನಕ ಯಾರೂ ಅವನ ಹತ್ತಿರ ಸುಳಿಯುವ ಹಾಗಿರಲಿಲ್ಲ. ನನ್ನ ಶಿಷ್ಯರಿಗೆ ಅಂದು ಮೊದಲ ಬಯಲು ಪಾಠ. ಹಾಲಿನಲ್ಲಿ ನಾನು ಎಷ್ಟು ಬೊಗಳಿದರೂ, ಅಂಗಳದಲ್ಲಿ ನಿಂತು ಬಾಸ್‌ನ ದಪ್ಪ ಸದ್ದು ಬಂದು ಎದೆಗೆ ಗುದ್ದಿದಾಗಲೇ ಈ ವಿದ್ಯೆ ಹತ್ತುವುದು. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ವಹಿಸಿದ್ದೆ. ಹೊತ್ತು ಮುಳುಗುವ ಮೊದಲು ಪ್ರತಿ ತಂತಿಯನ್ನೂ ಆಂಪ್ಲಿಫೈಯರ್‌ನಿಂದ ಪೆಟ್ಟಿಗೆಯ ತನಕ ಬೆರಳ ಸಂದಿಯಲ್ಲಿ ಹಿಡಿದು ನಡೆದುಹೋದೆ. ಗೇಟಿನ ತಂತಿ ಒಂದೇ ಎಳೆ. ನಡುವೆ ಒಂದು ಗಂಟಿಲ್ಲ, ಗಾಯವಿಲ್ಲ. “ಹೆಂಗಿದೆ ಟೀಚರ್?” ಅಂತ ಎವರಾಲ್ಡ್ ಹಲ್ಲು ಕಿರಿದ. ಬಸ್ ಕಂಡಕ್ಟರಿಗೆ ಪರವಾಗಿಲ್ಲ ಅಂದೆ.

ಆಮೇಲೆ ನೀನು ಬಂದೆ. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಐಸಿನ ಚೀಲ. ತಮ್ಮನಿಗೆ ಒಳ್ಳೆಯದಾಗಲಿ ಅಂತ ಹಾರೈಸಲು ಬಂದೆ ಅಂದೆ. ಸೀಬರ್ಟ್ ಜಾಲರಿಯಿಂದ ಹೊರಗೆ ಬಂದು ನಿನ್ನನ್ನು ತಬ್ಬಿಕೊಂಡ, ಬಿಯರ್ ಕೊಟ್ಟ. “ನೋಡತ್ತಿಗೆ, ಅಣ್ಣ ಬಂದ” ಅಂತ ನನಗೆ ಕೂಗಿ ಹೇಳಿದ. ಚಿಕ್ಕ ಮಗುವಿನ ಹಾಗೆ ಮುಖ ಅರಳಿತ್ತು ಅವನದು. ನೀನು ಬಿಯರ್ ಹಿಡಿದುಕೊಂಡು ಗೇಟಿನ ಪೆಟ್ಟಿಗೆಗೆ ಒರಗಿ ಕೂತೆ. ಬಹಳ ಹೊತ್ತು ಕೂತೆ. ಆಮೇಲೆ ನೀನು ಕಾಣಲಿಲ್ಲ.

ಕತ್ತಲಾಗಿ ಅಂಗಳ ತುಂಬಿತು. ಜೆರಿಕೊ ಗೆಲ್ಲುತ್ತಿತ್ತು. ಸೀಬರ್ಟ್ ತನ್ನ ಎಲ್ಲಕ್ಕಿಂತ ಮುದ್ದಿನ ರೆಕಾರ್ಡ್ ಹಾಕಿ, ಮೈಕಿನಲ್ಲಿ ಕೊಮೆಟ್‌ನವರ ತಾಯಿ ತಂದೆಯನ್ನೆಲ್ಲ ಜಾಡಿಸಿ, ಸೂಜಿ ಇಟ್ಟ. ಜನ ಹೋ ಅಂದಿದ್ದೇ ತಡ, ಸೆಟ್ ಸತ್ತುಹೋಯಿತು.

ಫ್ಯೂಸ್ ಹಾರಿತ್ತು. ಹೊಸದು ಹಾಕಿದೆ, ಅದೂ ಹಾರಿತು. ಅಂದರೆ ಯಾವುದೋ ಪೆಟ್ಟಿಗೆಯ ದಾರಿಯಲ್ಲಿ ಎರಡು ಬರಿ ತಂತಿ ತಾಗಿಕೊಂಡಿವೆ. ಎಲ್ಲ ತಂತಿಯನ್ನೂ ಕಿತ್ತು ಒಂದೊಂದಾಗಿ ಸಿಕ್ಕಿಸಿ ನೋಡಿದೆ. ಗೇಟಿನದು ಸಿಕ್ಕಿಬಿತ್ತು. ನಾನು ಬಾಯಿ ತೆರೆಯುವ ಮೊದಲೇ ಸೀಬರ್ಟ್ ಟಾರ್ಚ್ ಹಿಡಿದು ಜಾಲರಿಯ ಬಾಗಿಲು ತೆಗೆದಿದ್ದ. ಜೆರಿಕೊದ ಕ್ರಮವೇ ಅದಲ್ಲವೇ, ನಿಮ್ಮಪ್ಪ ಹಾಕಿಕೊಟ್ಟದ್ದು. ಆಂಪ್ಲಿಫೈಯರ್ ಹತ್ತಿರ ಒಬ್ಬರು, ಪೆಟ್ಟಿಗೆಯ ಹತ್ತಿರ ಒಬ್ಬರು, ಇಬ್ಬರೂ ಮನೆಯವರೇ ಆಗಿರಬೇಕು. ಬೇರೆಯವರ ಕೈ ಜೆರಿಕೊದ ಪೆಟ್ಟಿಗೆಯನ್ನು ಪೈಪೋಟಿಯ ನಡುವೆ ಮುಟ್ಟಬಾರದು. ಮೊದಲು ನಾವಿಬ್ಬರು ಹಾಗೆ ಮಾಡುತ್ತಿದ್ದೆವು, ನಾನು ಒಳಗೆ, ನೀನು ಹೊರಗೆ. ನೀನು ಹೋದ ಮೇಲೆ ಹೊರಗೆ ಹೋಗುವವನು ಅವನೊಬ್ಬನೇ.

ಅವನು ಗೇಟಿನ ಬಳಿ ಬಗ್ಗಿದ. ತಾಗಿದ್ದ ತಂತಿ ಬಿಡಿಸಿ ಟೇಪ್ ಸುತ್ತಿದ. ಎದ್ದು ನಿಂತು ಟಾರ್ಚ್ ಮೇಲೆತ್ತಿ, “ಅತ್ತಿಗೆ, ಕೊಡೀ!” ಅಂತ ಕೂಗಿದ. ನಾನು ಸದ್ದು ಕೊಟ್ಟೆ.

ಆ ಬಾಸ್ ಬಂದಾಗ ಅಂಗಳವೇ ಎಗರಿತು ಲಸೆಲ್ಸ್. ಸತ್ತ ಸೆಟ್ ಎದ್ದುಬಂದರೆ ನಮ್ಮವರಿಗೆ ಮೈಮೇಲೆ ದೇವರು ಬಂದ ಹಾಗೆ. ತಗಡಿನ ಬೇಲಿಗೆ ಕೈಲಿ, ಕಲ್ಲಲ್ಲಿ ಬಡಿದರು. ಬಂದೂಕಿದ್ದವರೆಲ್ಲ ಆಕಾಶಕ್ಕೆ ಹೊಡೆದು ಹಾಡಿಗೆ ಸಲಾಮು ಮಾಡಿದರು. ಆ ಸಲಾಮಿನಲ್ಲಿ ಕೆಲವು ಗುಂಡು ಆಕಾಶಕ್ಕೆ ಹೋಗಲಿಲ್ಲ. ಸೀಬರ್ಟ್ ಬೀಳುವುದನ್ನು ಕಂಡವರು ಕುಣಿಯುತ್ತಿದ್ದಾನೆ ಅಂದುಕೊಂಡರು. ಹಾಡು ಮುಗಿಯುವ ತನಕ ಅವನ ಸುತ್ತಲೂ ಕುಣಿದರು. ಒಬ್ಬಳು ಅವನ ರಕ್ತದಲ್ಲಿ ಕಾಲು ಜಾರಿ ಬಿದ್ದು, ಯಾರಪ್ಪಾ ಇಲ್ಲಿ ಬಿಯರ್ ಚೆಲ್ಲಿದ್ದು ಅಂತ ಬೈದಳು. ನಾನು ಹೋಗಿ ಎತ್ತಿದಾಗ ಕತ್ತಿನಲ್ಲಿ ತೂತು, ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅವನ ಕೊನೇ ಮಾತು ನನಗೆ ಆಡಿದ್ದು. ಆ ಮಾತಿನಂತೆ ನಡೆದದ್ದೂ ನಾನೇ.

ಪೊಲೀಸರು ಬಂದರು, ಯಾರೂ ಬಾಯಿ ಬಿಡಲಿಲ್ಲ, ನಾಲ್ಕು ಸ್ಪೀಕರಿಗೆ ಬಂದೂಕಿನ ಹಿಡಿಯಿಂದ ಗುದ್ದಿ ಹೋದರು. ಅವರು ಹೋದ ಮೇಲೆ ನಾನು ಗೇಟಿನ ಬಳಿ ಮೊಣಕಾಲೂರಿ ಕೂತು ಆ ತಂತಿಯ ತುಂಡನ್ನು ಕತ್ತರಿಸಿಕೊಂಡೆ. ಯಾಕೆಂದರೆ ನಾನು ಕೈಯಾಡಿಸಿದಾಗ ಅಲ್ಲಿ ಕತ್ತರಿಸಿ ಕೂಡಿಸಿದ ಜೋಡಣೆಯೇ ಇರಲಿಲ್ಲ. ಮನೆಯಲ್ಲಿ ದೀಪದ ಕೆಳಗೆ ಸೀಬರ್ಟ್ ಸುತ್ತಿದ ಟೇಪನ್ನು ಬಿಚ್ಚಿದೆ. ಅವನ ಬೆರಳಿನ ಗುರುತು ಟೇಪಿನ ಅಂಟಿನ ಮೇಲೆ ಇನ್ನೂ ಇತ್ತು. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ತಂತಿ ನೋಡಿದೆ. ಅಳು ನಿಂತುಹೋಯಿತು.

ನನ್ನ ತರಗತಿಯಲ್ಲಿ ತಂತಿಯ ಸಿಪ್ಪೆ ಸುಲಿಯಲು ಬ್ಲೇಡು, ಇಲ್ಲವೇ ಇಕ್ಕುಳ. ಬಾಯಿಗೆ ಹಾಕಿದವನ ಕೈಮೇಲೆ ಬೀಳುತ್ತದೆ ನನ್ನ ಸ್ಕೇಲು. ಎವರಾಲ್ಡ್ ಸುಲಿದ ತಂತಿ ಸುತ್ತಲೂ ಒಂದೇ ಸಮ ಇರುತ್ತದೆ. ಈ ತಂತಿಯನ್ನು ಹಲ್ಲಿನಿಂದ ಸುಲಿದಿದ್ದಾರೆ. ಹಲ್ಲಿನಿಂದ ಸುಲಿಯುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ ಅನ್ನುತ್ತೀಯ. ಇರಬಹುದು. ಆದರೆ ಪ್ರತಿ ತುದಿಯಲ್ಲೂ ಸಿಪ್ಪೆಯ ಒಂದು ಸಣ್ಣ ನಾಲಿಗೆ ಹಾಗೇ ಉಳಿದುಕೊಂಡಿದೆ, ಮೇಲಿನ ಮುಂದಿನ ಹಲ್ಲು ಅರ್ಧ ಮುರಿದವನಿಗೆ ಅಷ್ಟು ಸಿಪ್ಪೆ ಕಚ್ಚಲು ಸಿಗುವುದಿಲ್ಲ. ಆ ನಾಲಿಗೆಯನ್ನು ನಾನು ವರ್ಷಗಟ್ಟಲೆ ಉಗುರಿನಿಂದ ಕಿತ್ತು ಸರಿ ಮಾಡಿದ್ದೇನೆ, ನಿನ್ನ ಪಕ್ಕ ಕೂತು, ನಗುತ್ತಾ.

ಆ ಹಲ್ಲು ಮುರಿದವಳೂ ನಾನೇ. ನೀನು ಸ್ಪೀಕರ್ ತಂತಿಯನ್ನು ಮಡಿಸಿ ನನ್ನ ಬೆನ್ನಿಗೆ ಬಾರಿಸಿದ ದಿನ, ಕೈಗೆ ಸಿಕ್ಕ ಸ್ಪೀಕರಿನ ಆಯಸ್ಕಾಂತದಿಂದ ನಿನ್ನ ಬಾಯಿಗೆ ಕೊಟ್ಟೆ. ಅದಕ್ಕೆ ನನಗೆ ಅಂದೂ ಬೇಸರವಿರಲಿಲ್ಲ, ಇಂದಂತೂ ಇಲ್ಲ. ನನ್ನ ಬೆನ್ನಿನ ಬರೆಗಳನ್ನು ನೋಡಿಯೇ ಸೀಬರ್ಟ್ ನಿನ್ನನ್ನು ಸೆಟ್‌ನಿಂದ ಹೊರಗೆ ಹಾಕಿದ್ದು. ನಿಮ್ಮಮ್ಮನಿಗೆ ಕುಡಿತದ ಕಾರಣ ಹೇಳಿದ, ನಿನ್ನ ಮಾನ ಉಳಿಸಲು. ಬೀದಿಗೆ ದಬ್ಬಿದೋಳು ಅನ್ನುವ ಹೆಸರು ನನಗೆ ಬಂತು. ಬರಲಿ ಬಿಡು ಅಂದುಕೊಂಡೆ.

ಜೆರಿಕೊ ಸೋತು ಸೀಬರ್ಟ್ ತಲೆ ತಗ್ಗಿಸಲಿ ಅಂತ ಅಷ್ಟೇ ಮಾಡಿದೆ, ಗುಂಡಿನ ವಿಷಯ ನನಗೆ ಗೊತ್ತಿರಲಿಲ್ಲ ಅಂತ ನೀನು ಈಗ ಹಿತ್ತಲಿನಲ್ಲಿ ನಿಂತು ಉತ್ತರ ಹೊಸೆಯುತ್ತಿರಬಹುದು. ಬೇಡ. ಕೆಟ್ಟ ಸೆಟ್ಟಿನ ಮುಂದೆ ಕೂತು ಯೋಚಿಸುವುದನ್ನು ನನಗೆ ಕಲಿಸಿಕೊಡಬೇಕಾಗಿಲ್ಲ. ಸೋಲಿಸುವುದಷ್ಟೇ ಆಗಿದ್ದರೆ ನೀನು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಡುತ್ತಿದ್ದೆ, ಯಾರಿಂದಲೂ ಆ ದಿನ ಎಬ್ಬಿಸಲು ಆಗುತ್ತಿರಲಿಲ್ಲ. ನೀನು ಹಾಗೆ ಮಾಡಲಿಲ್ಲ. ನನಗೆ ಬೇಗ ಸಿಗುವಂಥ ತಪ್ಪನ್ನೇ ಇಟ್ಟೆ. ಅದೂ ಗೇಟಿನಲ್ಲಿ ಇಟ್ಟೆ, ಜಾಲರಿಯಿಂದ ಎಲ್ಲಕ್ಕಿಂತ ದೂರದಲ್ಲಿ, ಬೀದಿಗೆ ಎಲ್ಲಕ್ಕಿಂತ ಹತ್ತಿರದಲ್ಲಿ. ಎರಡು ಬರಿ ತಂತಿಯನ್ನು ಅಗಲಿಸಿಟ್ಟು ಹೋದರೆ, ಹೊತ್ತು ನೋಡಿ ಕಾಲಲ್ಲಿ ಒತ್ತಲು ಕೊಮೆಟ್‌ನ ಯಾವನಾದರೂ ಸಾಕು. ಬರುವವನು ಸೀಬರ್ಟ್ ಅಂತ ನಿನಗೆ ಗೊತ್ತಿತ್ತು. ನಾನು ಸದ್ದು ಕೊಡುತ್ತೇನೆ, ಜನ ಸಲಾಮು ಹೊಡೆಯುತ್ತಾರೆ, ಆ ಗದ್ದಲದಲ್ಲಿ ಒಂದು ಗುಂಡು ಹೆಚ್ಚೋ ಕಡಿಮೆಯೋ ಯಾರಿಗೂ ಕೇಳುವುದಿಲ್ಲ ಅಂತಲೂ ಗೊತ್ತಿತ್ತು. ನನ್ನ ವಿದ್ಯೆಯನ್ನೇ ಕತ್ತಿ ಮಾಡಿಕೊಂಡು ನನ್ನ ಕೈಯಲ್ಲೇ ಹೊಡೆಸಿದೆ. ನೀನು ನನ್ನ ಬೆನ್ನಿಗೆ ಹೊಡೆದದ್ದೆಲ್ಲ ಒಂದು ತೂಕವಾದರೆ ಇದೊಂದೇ ಒಂದು ತೂಕ.

ಕೊಮೆಟ್‌ನವರು ನಿನ್ನನ್ನು ಅವರ ಸೆಟ್ಟಿನ ಮುಂದೆ ಕೂರಿಸುತ್ತೇವೆ ಅಂದಿದ್ದರಂತೆ. ಅವರ ಕಡೆಯವನೊಬ್ಬ ಬುಧವಾರ ಬಾರಿನಲ್ಲಿ ಹೇಳಿ ನಗುತ್ತಿದ್ದನಂತೆ, ತಮ್ಮನನ್ನು ತಿಂದವನು ನಮ್ಮನ್ನು ಬಿಡುತ್ತಾನಾ, ಇವನನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂತ. ಅಂದರೆ ಅಲ್ಲಿಯೂ ನಿನಗೆ ಜಾಗ ಇಲ್ಲ.

ಇದನ್ನೆಲ್ಲ ನಾನು ಬ್ಯಾಬ್ಸಿಗೆ ಹೇಳಿದ್ದರೆ ಈ ಪತ್ರ ಓದಲು ನೀನು ಇರುತ್ತಿರಲಿಲ್ಲ. ಹೇಳಲಿಲ್ಲ. ಪ್ರೀತಿಯಿಂದ ಅಂದುಕೊಂಡು ಉಬ್ಬಬೇಡ. ಒಬ್ಬ ತಾಯಿಯ ಒಬ್ಬ ಮಗ ನನ್ನ ಕೈಯಿಂದ ಹೋದ, ಇನ್ನೊಬ್ಬನನ್ನೂ ನಾನೇ ಕಳಿಸಲಾರೆ. ಆದರೆ ಎವರಾಲ್ಡ್‌ನ ತಾಯಿಗೂ ಅವನೊಬ್ಬನೇ. ಅವನ ಕೈ ಬಾತು ಕಪ್ಪಾಗಿದೆ. ನಿನ್ನೆ ಕೋಳಿಗೂಡಿನ ಜಾಲರಿಯ ಸಂದಿಯಿಂದ ಸುಟ್ಟ ದೀವಿಹಲಸಿನ ಹೋಳು ತಿನ್ನಿಸಲು ಹೋದೆ. “ಟೀಚರ್, ಎಡಗೈಲಿ ಸಾಲ್ಡರ್ ಮಾಡೋಕೆ ಕಲಿಸ್ತೀರಾ?” ಅಂದ. ಭಾನುವಾರ ತನ್ನನ್ನು ಕೊಲ್ಲುತ್ತಾರೆ ಅಂತ ಅವನಿಗೆ ಇನ್ನೂ ಯಾರೂ ಹೇಳಿಲ್ಲ. ನಾನೂ ಹೇಳಲಿಲ್ಲ, ಕಲಿಸ್ತೀನಿ ಅಂದೆ.

ಕಲಿಸುತ್ತೇನೆ ಅಂದ ಮೇಲೆ ಕಲಿಸಲೇಬೇಕು. ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟು. ನಿಮ್ಮಮ್ಮನ ಮುಂದೆ ಕೂತು, ನಿನ್ನ ಬಾಯಿಂದಲೇ, ನಡೆದದ್ದನ್ನು ಹೇಳು. ಅವರ ಒಂದು ಮಾತಿಗೆ ಬ್ಯಾಬ್ಸಿ ಕೋಳಿಗೂಡಿನ ಬಾಗಿಲು ತೆಗೆಯುತ್ತಾನೆ. ಆಮೇಲೆ ನಿನ್ನನ್ನು ಅವರು ಮುಚ್ಚಿಡುತ್ತಾರೋ, ಪೊಲೀಸರಿಗೆ ಒಪ್ಪಿಸುತ್ತಾರೋ, ಅದೇ ಸುತ್ತಿಗೆ ಎತ್ತುತ್ತಾರೋ, ಅದು ಹೆತ್ತವರಿಗೂ ಹುಟ್ಟಿದವನಿಗೂ ಬಿಟ್ಟದ್ದು. ನಾನು ನಡುವೆ ಬರುವುದಿಲ್ಲ.

ಹೇಳದೆ ಇದ್ದರೆ ಕೇಳಿಕೋ. ಒಂಬತ್ತನೇ ರಾತ್ರಿಗೆ ಜೆರಿಕೊವನ್ನು ಕಟ್ಟುವವಳು ನಾನು. ಒಡೆದ ಸ್ಪೀಕರಿಗೆಲ್ಲ ಹೊಸ ಕಾಗದ ಅಂಟಿಸಿ ಆಗಿದೆ. ರಮ್ ಸುರಿದು, ಮೀನು ಕರಿದು, ಇಡೀ ಲೇನ್ ಅಂಗಳದಲ್ಲಿ ಸೇರಿದಾಗ ಮೈಕು ನನ್ನ ಕೈಯಲ್ಲಿರುತ್ತದೆ. ಈ ಪತ್ರದ ಒಂದೊಂದು ಸಾಲೂ ನನಗೆ ಬಾಯಿಪಾಠ. ಗೇಟಿನ ಪೆಟ್ಟಿಗೆ ಈಗ ಚೆನ್ನಾಗಿಯೇ ಮಾತಾಡುತ್ತದೆ, ಬೀದಿಯ ಆ ಕೊನೆಗೂ ಕೇಳಿಸುತ್ತದೆ. ಆಗ ತೀರ್ಮಾನ ನಿಮ್ಮಮ್ಮನದಾಗಿರುವುದಿಲ್ಲ. ಬ್ಯಾಬ್ಸಿಯದಾಗಿರುತ್ತದೆ, ಬೆಟ್ಟ ಎಷ್ಟು ಎತ್ತರವಿದ್ದರೂ ಅವನಿಗೆ ಜೀಪಿದೆ.

ನಿನ್ನ ಹೆಸರನ್ನು ಇನ್ನೂ ಹೊತ್ತಿರುವವಳು,
ಕ್ಲೋವರ್

ತಾ.ಕ.: ನಿಮ್ಮಮ್ಮ ಬಸ್ಸಿನಲ್ಲಿ ಏನೂ ತಿಂದಿರುವುದಿಲ್ಲ. ಈ ಪತ್ರ ತಂದುಕೊಟ್ಟದ್ದಕ್ಕೆ ಮೊದಲು ಅವರಿಗೆ ಊಟ ಹಾಕು. ಅವರಿಗೆ ಓದು ಬರುವುದಿಲ್ಲ, ನಿನಗೇ ಗೊತ್ತಲ್ಲ. ಇದರಲ್ಲಿ ಸೀಬರ್ಟ್‌ನನ್ನು ಕೊಂದವನ ಹೆಸರಿದೆ, ಲಸೆಲ್ಸ್ ಓದಿ ಹೇಳುತ್ತಾನೆ ಅಂತ ಹೇಳಿ ಬಸ್ಸು ಹತ್ತಿಸಿದ್ದೇನೆ. ಅವರು ಕೇಳಿಯೇ ಕೇಳುತ್ತಾರೆ. ನಡುವೆ ಸಾಲು ಹಾರಿಸಬೇಡ. ನೂರು ಪೆಟ್ಟಿಗೆಗಳ ನಡುವೆ ಯಾವ ಪೆಟ್ಟಿಗೆ ಸುಮ್ಮನಿದೆ ಅಂತ ಅಂಗಳದಾಚೆಯಿಂದ ಹೇಳುವ ಕಿವಿ ಅವರದು. ತಂತಿಯ ತುಂಡು ಅವರ ಕರವಸ್ತ್ರದ ಗಂಟಿನಲ್ಲಿದೆ, ನೀನು ನೋಡಿ ತೀರ್ಪು ಹೇಳಬೇಕು ಅಂತ ಅವರೇ ಕೇಳಿ ತಂದಿದ್ದಾರೆ. ಓದಿ ಮುಗಿದ ಮೇಲೆ ಅದನ್ನು ಅವರ ಕೈಗೇ ಕೊಟ್ಟು, ನೀನು ಒಂದು ಸಲ ಬಾಯಿ ತೆರೆದು ತೋರಿಸು. ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ.